ಐಯೊವಾ ಕುಸ್ತಿ ತಂಡ ಪೆನ್ ಸ್ಟೇಟನ್ನು ಮತ್ತೆ ಹಿಡಿಯುತ್ತದಾ? ಕೋಚ್ ಬದಲಾಗಬೇಕಾ?

ನೀವು ಓದಲು ಐಯೊವಾ ಸಿಟಿಗೆ ಹೊಸದಾಗಿ ಬಂದಿದ್ದೀರಿ. ರೂಮಿನಲ್ಲಿರುವ ಇಬ್ಬರು ಹುಡುಗರು ದಿನಾ ರಾತ್ರಿ ಯೂನಿವರ್ಸಿಟಿಯ ಕುಸ್ತಿ ತಂಡದ ಬಗ್ಗೆ ಜಗಳ ಆಡುತ್ತಾರೆ ಎಂದು ಬರೆದಿದ್ದೀರಿ. ಒಬ್ಬ ಕೋಚ್ ಟಾಮ್ ಬ್ರ್ಯಾಂಡ್ಸ್ ಹೋಗಬೇಕು ಅನ್ನುತ್ತಾನೆ. ಇನ್ನೊಬ್ಬ ಆತನನ್ನು ಬಿಟ್ಟರೆ ತಂಡವೇ ಇಲ್ಲ ಅನ್ನುತ್ತಾನೆ. ಯಾರು ಸರಿ ಎಂದು ಕೇಳಿದ್ದೀರಿ. ನಾನು ಈ ಊರಲ್ಲಿದ್ದು ಈ ತಂಡವನ್ನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. ನನ್ನ ಪ್ರಕಾರ ಇಬ್ಬರೂ ತಪ್ಪು ಕಡೆ ನೋಡುತ್ತಿದ್ದಾರೆ.

ಮೊದಲು ಈ ಜಗಳಕ್ಕೆ ಇಷ್ಟು ಬಿಸಿ ಯಾಕೆ ಅಂತ ತಿಳಿದುಕೊಳ್ಳಿ. ಐಯೊವಾ 24 ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಗಿದೆ. ಅದರಲ್ಲಿ 15 ಸಲ ಕೋಚ್ ಆಗಿದ್ದವರು ಡ್ಯಾನ್ ಗೇಬಲ್. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಎದುರಾಳಿಗೆ ಒಂದೇ ಒಂದು ಪಾಯಿಂಟ್ ಕೊಡದೆ ಚಿನ್ನ ಗೆದ್ದ ಮನುಷ್ಯ. 1978ರಿಂದ 1986ರವರೆಗೆ ಐಯೊವಾ ಸತತ ಒಂಬತ್ತು ವರ್ಷ ಗೆದ್ದಿತು. ಇಲ್ಲಿನ ಅಜ್ಜ ಅಜ್ಜಿಯರು ಆ ಕಾಲ ನೋಡಿದವರು. 2015ರಲ್ಲಿ ಓಕ್ಲಹೋಮ ಸ್ಟೇಟ್ ವಿರುದ್ಧದ ಕುಸ್ತಿಯನ್ನು ಇಲ್ಲಿನ ಫುಟ್‌ಬಾಲ್ ಮೈದಾನದಲ್ಲೇ ಇಟ್ಟಾಗ 42,287 ಜನ ಬಂದಿದ್ದರು. ಮೈಸೂರು ದಸರಾ ಕುಸ್ತಿಗೆ ಸೇರುವ ಜನ ನೋಡಿ ಬೆಳೆದವರಿಗೆ ಈ ಹುಚ್ಚು ಬೇಗ ಅರ್ಥವಾಗುತ್ತದೆ.

ಬ್ರ್ಯಾಂಡ್ಸ್ 2006ರಲ್ಲಿ ಕೋಚ್ ಆಗಿ ಬಂದರು. ಗೇಬಲ್ ಶಿಷ್ಯ, 1996ರ ಅಟ್ಲಾಂಟಾ ಒಲಿಂಪಿಕ್ಸ್ ಚಿನ್ನ. ಅವಳಿ ಸಹೋದರ ಟೆರಿ ಕೂಡ ಜೊತೆಗೇ ತರಬೇತಿ ಕೊಡುತ್ತಾರೆ. 2008, 2009, 2010ರಲ್ಲಿ ಗೆದ್ದರು, ಆಮೇಲೆ 2021ರಲ್ಲಿ ಇನ್ನೊಂದು ಸಲ. 2020ರಲ್ಲೂ ಗೆಲ್ಲುವ ತಂಡವೇ ಇತ್ತು, ಕೋವಿಡ್‌ನಿಂದ ಟೂರ್ನಿಯೇ ನಡೆಯಲಿಲ್ಲ. ಆ ನೋವು ಇಲ್ಲಿನವರಿಗೆ ಇನ್ನೂ ಹೋಗಿಲ್ಲ, ನನಗೂ ಅಷ್ಟೇ.

ಆ ಕಡೆ ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕೋಚ್ ಆಗಿ ಕೇಲ್ ಸ್ಯಾಂಡರ್ಸನ್ ಇದ್ದಾರೆ. ಕಾಲೇಜಿನಲ್ಲಿ 159 ಕುಸ್ತಿ ಆಡಿ ಒಂದನ್ನೂ ಸೋಲದವರು. 2004ರ ಅಥೆನ್ಸ್ ಚಿನ್ನವೂ ಅವರದೇ. ಅವರು ಪೆನ್ ಸ್ಟೇಟ್‌ಗೆ ಬಂದದ್ದು 2009ರಲ್ಲಿ. 2011ರಿಂದ 2025ರೊಳಗೆ 12 ಸಲ ಗೆದ್ದಿದ್ದಾರೆ. ಪೆನ್ಸಿಲ್ವೇನಿಯಾದ ಹೈಸ್ಕೂಲುಗಳಲ್ಲಿ ಕುಸ್ತಿ ಹುಡುಗರಿಗೆ ಬರವೇ ಇಲ್ಲ. ಅದು ಅವರ ಮನೆ ಬಾಗಿಲಲ್ಲೇ ಇರುವ ಸಂಪತ್ತು. ಆದರೆ ಸುಮ್ನೆ ಆ ಒಂದು ಕಾರಣ ಹೇಳಿ ಮುಗಿಸೋಕಾಗಲ್ಲ. ಯಾಕೆಂದರೆ ನಮಗೆ ಮೂರು ಸಲ ಚಾಂಪಿಯನ್ ಆದ ಸ್ಪೆನ್ಸರ್ ಲೀ ಕೂಡ ಪೆನ್ಸಿಲ್ವೇನಿಯಾದ ಹುಡುಗನೇ, ಆತ ಬಂದದ್ದು ಐಯೊವಾಕ್ಕೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 2025ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ರಾಷ್ಟ್ರೀಯ ಟೂರ್ನಿಯನ್ನೇ ನೋಡಿ. ಹತ್ತು ತೂಕದ ವಿಭಾಗಗಳಿವೆ, ಪ್ರತಿ ತಂಡಕ್ಕೆ ಒಂದೊಂದರಲ್ಲಿ ಒಬ್ಬ. ಪೆನ್ ಸ್ಟೇಟ್‌ನಿಂದ ಫೈನಲ್‌ಗೆ ಹೋದವರು ಮೂವರು. ಐಯೊವಾದಿಂದ ಫೈನಲ್‌ಗೆ ಹೋದವರೂ ಮೂವರೇ. 197 ಪೌಂಡ್ ವಿಭಾಗದಲ್ಲಿ ನಮ್ಮ ಸ್ಟೀಫನ್ ಬುಕಾನನ್ ಫೈನಲ್‌ನಲ್ಲಿ ಮಣಿಸಿದ್ದು ಪೆನ್ ಸ್ಟೇಟ್‌ನ ಜೋಷ್ ಬಾರ್‌ನನ್ನೇ. 165ರಲ್ಲಿ ಅವರ ಮಿಚೆಲ್ ಮೆಸೆನ್‌ಬ್ರಿಂಕ್ ನಮ್ಮ ಮೈಕಲ್ ಕ್ಯಾಲಿಯೆಂಡೋನನ್ನು ಸೋಲಿಸಿದ. 133ರಲ್ಲಿ ಡ್ರೇಕ್ ಅಯಾಲಾ ಎರಡನೆಯವನಾದ. ಇಷ್ಟನ್ನು ಕೇಳಿದರೆ ಸಮಬಲ ಅನ್ನಿಸುತ್ತೆ ಅಲ್ವಾ? ಪಾಯಿಂಟ್ ನೋಡಿ. ಪೆನ್ ಸ್ಟೇಟ್ 177, ಐಯೊವಾ 81. ನಾವು ನಾಲ್ಕನೇ ಸ್ಥಾನ.

ಉಳಿದ 96 ಪಾಯಿಂಟ್ ಎಲ್ಲಿ ಹೋಯಿತು? ಫೈನಲ್ ಮುಟ್ಟದ ಏಳು ಹುಡುಗರಲ್ಲಿ ಹೋಯಿತು. ಮೊದಲ ಎಂಟು ಸ್ಥಾನಕ್ಕೆ ಪಾಯಿಂಟ್ ಇರುತ್ತದೆ. ಮೊದಲನೆಯವನಿಗೆ 16, ಮೂರನೆಯವನಿಗೆ 10, ಎಂಟನೆಯವನಿಗೆ 3. ಒಂದು ಸಲ ಸೋತವನು ಮನೆಗೆ ಹೋಗಬೇಕಿಲ್ಲ. ಸೋತವರ ಇನ್ನೊಂದು ಸಾಲಿನಲ್ಲಿ ಆಡುತ್ತಾ ಮೂರನೇ ಸ್ಥಾನದವರೆಗೂ ಬರಬಹುದು. ಅಲ್ಲಿನ ಪ್ರತಿ ಗೆಲುವಿಗೂ ಅರ್ಧ ಪಾಯಿಂಟ್ ಇದೆ. ಎದುರಾಳಿಯನ್ನು ಚಿತ್ ಮಾಡಿದರೆ ಮೇಲೆ ಇನ್ನೆರಡು, 15 ಅಂಕದ ಅಂತರದಲ್ಲಿ ಗೆದ್ದರೆ ಒಂದೂವರೆ, 8 ಅಂಕದ ಅಂತರಕ್ಕೆ ಒಂದು. ಪೆನ್ ಸ್ಟೇಟ್‌ನ ಹತ್ತಕ್ಕೆ ಹತ್ತು ಹುಡುಗರೂ ಮೊದಲ ಎಂಟರೊಳಗೆ ಬಂದರು. ಸೆಮಿಫೈನಲ್ ಸೋತ ಹುಡುಗರು ಮರುದಿನ ಬೆಳಿಗ್ಗೆ ಎದ್ದು ಬಂದು ಮೂರನೇ ಸ್ಥಾನ ಹಿಡಿದರು. ಕನಸು ಒಡೆದ ಮರುದಿನ ಹಾಗೆ ಆಡುವುದು ಬಹಳ ಕಷ್ಟ. ಐಯೊವಾ ಅಭಿಮಾನಿಯಾಗಿಯೂ ನಾನು ಅದಕ್ಕೆ ತಲೆಬಾಗುತ್ತೇನೆ.

ಆದ್ದರಿಂದ ಬ್ರ್ಯಾಂಡ್ಸ್‌ಗೆ ಕೋಪ ಜಾಸ್ತಿ, ಸ್ಯಾಂಡರ್ಸನ್ ಶಾಂತ ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಒಬ್ಬ ಕೋಚ್‌ನನ್ನು ಅಳೆಯಬೇಕಾದದ್ದು ಒಂದೇ ಲೆಕ್ಕದಲ್ಲಿ: ಹೈಸ್ಕೂಲಿನಿಂದ ಬಂದ ಹುಡುಗ ಮೂರನೇ ವರ್ಷದಲ್ಲಿ ಎಲ್ಲಿದ್ದಾನೆ? ನಮ್ಮ ಊರಿನ ಗರಡಿ ಮನೆಗಳಲ್ಲಿ ಉಸ್ತಾದರನ್ನು ಅಳೆಯುತ್ತಿದ್ದುದೂ ಹೀಗೆಯೇ. ಹೊರಗಿನಿಂದ ಬಂದ ದೊಡ್ಡ ಪೈಲ್ವಾನನನ್ನು ತೋರಿಸಿ ಯಾರೂ ಉಸ್ತಾದ ಅನ್ನಿಸಿಕೊಳ್ಳುತ್ತಿರಲಿಲ್ಲ.

ಐಯೊವಾದಲ್ಲಿ ನನಗೆ ಚಿಂತೆ ಇರುವುದು ಇಲ್ಲೇ. ಬುಕಾನನ್ ವಯೋಮಿಂಗ್ ಮತ್ತು ಓಕ್ಲಹೋಮ ಯೂನಿವರ್ಸಿಟಿಗಳಲ್ಲಿ ಆಡಿ ಬಂದವನು. ಕೈಲ್ ಪಾರ್ಕೊ ಅರಿಜೋನಾ ಸ್ಟೇಟ್‌ನಿಂದ ಬಂದ. ಕ್ಯಾಲಿಯೆಂಡೋ ಕೂಡ ನಾರ್ತ್ ಡಕೋಟ ಸ್ಟೇಟ್‌ನಿಂದ ಬಂದವನೇ. ಈಗ ಕಾಲೇಜು ಬದಲಿಸುವುದು ಸುಲಭ, ಟ್ರಾನ್ಸ್‌ಫರ್ ಪೋರ್ಟಲ್ ಅಂತಾರೆ. ಕೊನೆಯ ವರ್ಷದ ಹುಡುಗರನ್ನು ತಂದರೆ ಆ ವರ್ಷ ಮರ್ಯಾದೆ ಉಳಿಯುತ್ತದೆ. ಬುಕಾನನ್ ಗೆದ್ದಾಗ ನಾನೂ ಕೂಗಿ ಕುಣಿದೆ. ಆದರೆ ಆತ ಹೋದ ಮೇಲೆ ಆ ತೂಕದಲ್ಲಿ ಮತ್ತೆ ಸೊನ್ನೆಯಿಂದ ಶುರು. ಅದೇ ಹೊತ್ತಿಗೆ ಎರಡು ವರ್ಷ ಬೆವರು ಸುರಿಸಿ ಕಾದ ಒಳಗಿನ ಹುಡುಗ ಬೇರೆ ಕಾಲೇಜು ನೋಡುತ್ತಾನೆ. ಅಯಾಲಾ ಇದಕ್ಕೆ ತದ್ವಿರುದ್ಧ. ಇದೇ ರಾಜ್ಯದ ಫೋರ್ಟ್ ಡಾಡ್ಜ್‌ನ ಹುಡುಗ, ಇಲ್ಲೇ ಬೆಳೆದ, 2024ರಲ್ಲೂ 2025ರಲ್ಲೂ ಫೈನಲ್‌ಗೆ ಹೋದ. ಇಂಥ ಐದು ಜನ ಬೇಕು.

ಇದಕ್ಕೆ 2023ರ ಬೆಟ್ಟಿಂಗ್ ತನಿಖೆಯ, ಅಂದರೆ ಆಟಗಾರರೇ ಪಂದ್ಯಗಳ ಮೇಲೆ ಹಣ ಕಟ್ಟಿದ ಆರೋಪದ ತನಿಖೆಯ, ಪೆಟ್ಟನ್ನೂ ಸೇರಿಸಿ. ಆ ವರ್ಷ ತಂಡದ ಹಲವು ಮುಖ್ಯ ಹುಡುಗರು ಆಡಲಾಗಲಿಲ್ಲ. 2024ರಲ್ಲಿ ಐದನೇ ಸ್ಥಾನಕ್ಕೆ ಇಳಿದದ್ದಕ್ಕೆ ಅದೂ ಒಂದು ಕಾರಣ. ಅದನ್ನು ಬ್ರ್ಯಾಂಡ್ಸ್ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹಾಗಾದರೆ ಬ್ರ್ಯಾಂಡ್ಸ್ ಹೋಗಬೇಕಾ? ಬೇಡ ಅನ್ನುತ್ತೇನೆ. ಸ್ಪೆನ್ಸರ್ ಲೀಯನ್ನು ನೆನೆಸಿಕೊಳ್ಳಿ. 2021ರಲ್ಲಿ ಎರಡೂ ಮಂಡಿಗಳ ಲಿಗಮೆಂಟ್ ಹರಿದಿದ್ದರೂ ಆಡಿ ಮೂರನೇ ಸಲ ಚಾಂಪಿಯನ್ ಆದ. 2023ರ ಸೆಮಿಫೈನಲ್‌ನಲ್ಲಿ ಪರ್ಡ್ಯೂ ಹುಡುಗನೊಬ್ಬ ಆತನನ್ನು ಚಿತ್ ಮಾಡಿದಾಗ ಇಡೀ ಊರು ಮಂಕಾಗಿತ್ತು. ಅಲ್ಲಿಂದ ಎದ್ದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 57 ಕೆಜಿ ಬೆಳ್ಳಿ ತಂದ. ಅದೇ 57 ಕೆಜಿಯಲ್ಲಿ ನಮ್ಮ ಅಮನ್ ಸೆಹ್ರಾವತ್ ಕಂಚು ಗೆದ್ದದ್ದು. ಇಬ್ಬರೂ ಸೋತದ್ದು ಜಪಾನಿನ ರೇ ಹಿಗುಚಿಗೆ. ಬಿದ್ದ ಹುಡುಗನನ್ನು ಎಬ್ಬಿಸಿ ಅಷ್ಟು ದೂರ ಕೊಂಡೊಯ್ಯುವ ಕೈ ಈ ಗರಡಿಯಲ್ಲಿ ಇದೆ. ಅದೇ ಕೈ ಹೆಸರಿಲ್ಲದ ಹುಡುಗನ ಮೇಲೂ ಬೀಳಬೇಕು ಅನ್ನುವುದಷ್ಟೇ ನನ್ನ ಬೇಡಿಕೆ.

ಇನ್ನೊಂದು ವಿಷಯದಲ್ಲಿ ಬ್ರ್ಯಾಂಡ್ಸ್ ಬದಲಾಗಲೇಬೇಕು. 2023-24ರ ಸೀಸನ್‌ನಿಂದ ಟೇಕ್‌ಡೌನ್‌ಗೆ, ಅಂದರೆ ಎದುರಾಳಿಯನ್ನು ಕೆಡವಿ ಹಿಡಿತಕ್ಕೆ ತರುವುದಕ್ಕೆ, ಎರಡರ ಬದಲು ಮೂರು ಪಾಯಿಂಟ್. ತಲೆಗೆ ತಲೆ ಕೊಟ್ಟು ತಳ್ಳಿ ಸುಸ್ತು ಮಾಡಿ ಒಂದೆರಡು ಪಾಯಿಂಟ್‌ನಲ್ಲಿ ಗೆಲ್ಲುವ ಆಟಕ್ಕೆ ಈಗ ಬೆಲೆ ಕಡಿಮೆ. ಮತ್ತೆ ಮತ್ತೆ ಕಾಲಿಗೆ ಕೈ ಹಾಕುವವನಿಗೆ ಲಾಭ. ಮೆಸೆನ್‌ಬ್ರಿಂಕ್ ಏಳು ನಿಮಿಷವೂ ನಿಲ್ಲದೆ ನುಗ್ಗುತ್ತಾನೆ. ನಮ್ಮ ಹುಡುಗರು ಮುನ್ನಡೆ ಸಿಕ್ಕ ಕೂಡಲೇ ಅದನ್ನು ಕಾಯಲು ಶುರು ಮಾಡುತ್ತಾರೆ. ಇದನ್ನು ನೋಡುವಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಬ್ರ್ಯಾಂಡ್ಸ್ ತಾವು ಆಡುವಾಗ ಹಾಗೆ ಕಾದವರಲ್ಲ.

ಮುಂದಿನ ದಾರಿ ಬಗ್ಗೆ ಕೇಳಿದಿರಿ. 2025-26ರಿಂದ ನಿಯಮ ಬದಲಾಗಿದೆ. ಮೊದಲು ಇಡೀ ತಂಡಕ್ಕೆ 9.9 ಸ್ಕಾಲರ್‌ಶಿಪ್ ಮಾತ್ರ ಹಂಚಬಹುದಿತ್ತು. ಈಗ ತಂಡದಲ್ಲಿ 30 ಜನರ ಮಿತಿ, ಕಾಲೇಜಿಗೆ ಶಕ್ತಿ ಇದ್ದರೆ ಅಷ್ಟೂ ಜನಕ್ಕೆ ಕೊಡಬಹುದು. ಅಭಿಮಾನಿಗಳ ಬೆಂಬಲ, 2024ರಲ್ಲಿ ತೆರೆದ ಹೊಸ ತರಬೇತಿ ಕಟ್ಟಡ ಎಲ್ಲ ಐಯೊವಾಕ್ಕೆ ಇದೆ. ಆದರೆ ಪೈಪೋಟಿ ಪೆನ್ ಸ್ಟೇಟ್ ಜೊತೆ ಮಾತ್ರ ಅಲ್ಲ. ಸ್ಯಾಂಡರ್ಸನ್ ಶಿಷ್ಯ ಡೇವಿಡ್ ಟೇಲರ್ 2024ರಲ್ಲಿ ಓಕ್ಲಹೋಮ ಸ್ಟೇಟ್ ಕೋಚ್ ಆಗಿ ಮೊದಲ ವರ್ಷವೇ ಮೂರನೇ ಸ್ಥಾನಕ್ಕೆ ತಂದರು. ನೆಬ್ರಾಸ್ಕ ಎರಡನೆಯದು. ಒಂದೆರಡು ವರ್ಷದಲ್ಲಿ ಐಯೊವಾ ಚಾಂಪಿಯನ್ ಆಗುತ್ತದೆ ಎಂದು ನಿಮಗೆ ಹೇಳಲಾರೆ. ಎರಡನೇ ಸ್ಥಾನಕ್ಕೆ ಬರುವ ಶಕ್ತಿ ಖಂಡಿತ ಇದೆ.

ಅಂದ ಹಾಗೆ ಹೆಣ್ಣುಮಕ್ಕಳ ತಂಡವನ್ನು ನಿಮ್ಮ ರೂಮಿನವರು ಮರೆತಿದ್ದರೆ ನೆನಪಿಸಿ. ಕ್ಲಾರಿಸಾ ಚುನ್ ಕೋಚಿಂಗ್‌ನಲ್ಲಿ 2024 ಮತ್ತು 2025, ಮೊದಲ ಎರಡೂ ಸೀಸನ್‌ಗಳಲ್ಲಿ ರಾಷ್ಟ್ರೀಯ ಪ್ರಶಸ್ತಿ. ಪ್ಯಾರಿಸ್ ಬೆಳ್ಳಿ ಗೆದ್ದ ಕೆನಡಿ ಬ್ಲೇಡ್ಸ್ ಇದೇ ತಂಡದ ಹುಡುಗಿ. ಅವರು ಆಡುವುದು ಫ್ರೀಸ್ಟೈಲ್, ಭಾರತದಲ್ಲಿ ನೀವು ಟಿವಿಯಲ್ಲಿ ನೋಡಿದ ಅದೇ ನಿಯಮ. ಕಾರ್ವರ್-ಹಾಕೈ ಅರೀನಾಕ್ಕೆ ಮೊದಲ ಸಲ ಹೋಗುವುದಾದರೆ ಅವರ ಪಂದ್ಯಕ್ಕೇ ಹೋಗಿ, ಸುಲಭವಾಗಿ ಅರ್ಥವಾಗುತ್ತದೆ.

ಮಾರ್ಚ್‌ನ ದೊಡ್ಡ ಟೂರ್ನಿ ಬಂದಾಗ ಶುಕ್ರವಾರ ಸಂಜೆ ಟಿವಿ ಹಾಕಿ. ಅಂದು ಸೋತವರ ಸಾಲಿನಲ್ಲಿ ಒಂದು ಸುತ್ತು ಬರುತ್ತದೆ, ಇಲ್ಲಿನವರು ಅದನ್ನು ಬ್ಲಡ್ ರೌಂಡ್ ಅನ್ನುತ್ತಾರೆ. ಗೆದ್ದವನು ಮೊದಲ ಎಂಟರೊಳಗೆ, ಸೋತವನ ವರ್ಷ ಅಲ್ಲಿಗೆ ಮುಗಿಯಿತು. ಆ ಸುತ್ತಿನಲ್ಲಿ ಐಯೊವಾದ ಎಷ್ಟು ಹುಡುಗರು ಗೆದ್ದರು ಅಂತ ಎಣಿಸಿ, ಆಮೇಲೆ ರೂಮಿನಲ್ಲಿ ಬ್ರ್ಯಾಂಡ್ಸ್ ಬಗ್ಗೆ ಮಾತಾಡಿ.