ತೋಟದ ಮನೆಗೆ ಹಳೆ ಹೋಂಡಾ ಸಿಟಿ: ಮೊದಲು ಅಂಗಳದ ಏರು ಅಳೆಯಿರಿ

"ಮಂಗಳೂರಲ್ಲಿ 2016ರ ಸಿಟಿ ಪೆಟ್ರೋಲ್ ಮ್ಯಾನುಯಲ್ ಒಂದು ಉಂಟು, ಮನೆಯಲ್ಲಿ ಐದು ಜನ, ಹಿರಿಯಡ್ಕದಿಂದ ಒಳಗೆ ಮಣ್ಣು ರಸ್ತೆ, ತಗೊಳ್ಳಬಹುದಾ, ಕಂಪನಿ ಹೇಗೆ" ಅಂತ ಕೇಳಿದ್ದೀರಿ. ಉತ್ತರ ಕೊಟ್ಟವರೆಲ್ಲ ಮೈಲೇಜ್ ಹಿಡಿದುಕೊಂಡೇ ಕೂತಿದ್ದಾರೆ. ನನ್ನ ಹತ್ತಿರ ಅದೇ ಮಾಡೆಲಿನ 2014ರ ಗಾಡಿ ಉಂಟು, ಉಡುಪಿ ಬದಿಯ ತೋಟದ ಮನೆಯಲ್ಲೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೋಂಡಾ ಕಂಪನಿ ಬಗ್ಗೆ ತಲೆಬಿಸಿ ಬೇಡ. ನಮ್ಮಲ್ಲಿ ಎಷ್ಟೋ ಜನರ ಹುಲ್ಲು ಕತ್ತರಿಸುವ ಯಂತ್ರದಲ್ಲಿ ಇರುವ ಜಿಎಕ್ಸ್ 35 ಎಂಜಿನ್ ಇವರದ್ದೇ. ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕ್ತೇವಲ್ಲ, ಅದೇ. ಸೈಕಲ್ಲಿಗೆ ಸಣ್ಣ ಎಂಜಿನ್ ಕೂರಿಸುತ್ತಿದ್ದ ಸೊಯಿಚಿರೊ ಹೋಂಡಾ 1948ರಲ್ಲಿ ಈ ಕಂಪನಿ ಕಟ್ಟಿದ್ದು. ಭಾರತದಲ್ಲಿ ಕಾರಿಗೆ ಅಂತ ಸೀಲ್ ಎಂಬ ಇಲ್ಲಿನ ಕಂಪನಿ ಜೊತೆ ಸೇರಿ 1995ರಲ್ಲಿ ಬಂದರು. 1998ರಲ್ಲಿ ಮೊದಲ ಸಿಟಿ ಬಿಟ್ಟರು. 2012ರಲ್ಲಿ ಸೀಲ್ ಹೊರಗೆ ಹೋಯಿತು. 2020ರ ಕೊನೆಗೆ ಗ್ರೇಟರ್ ನೋಯ್ಡಾದಲ್ಲಿ ಕಾರು ಮಾಡುವುದು ನಿಲ್ಲಿಸಿ ಎಲ್ಲವನ್ನೂ ರಾಜಸ್ಥಾನದ ತಪುಕಾರಾಕ್ಕೆ ಸಾಗಿಸಿದರು. ಆಗ "ಹೋಂಡಾ ಗಂಟುಮೂಟೆ ಕಟ್ಟಿತು" ಅಂತ ಸುದ್ದಿ ಹಬ್ಬಿತ್ತು. ಎಂತದೂ ಆಗಲಿಲ್ಲ.

ನೀವು ನೋಡುತ್ತಿರುವುದು ಇಲ್ಲಿ ಬಂದ ನಾಲ್ಕನೇ ರೂಪ, 2014ರದ್ದು. 1.5 ಲೀಟರಿನ ಐ-ವಿಟೆಕ್ ಎಂಜಿನ್, 119 ಪಿಎಸ್, ಐದು ಗೇರು. ಎಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್‌ಗೆ ಬೆಲ್ಟ್ ಅಲ್ಲ, ಚೈನ್. ಎಂಜಿನ್ ತಿರುಗಿದಷ್ಟೂ ಎಳೆಯುವ ಜಾತಿ ಇದು. ಆಗುಂಬೆಯ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಸಲು ಉದಾಸೀನ ಮಾಡಿದರೆ ಏದುಸಿರು ಬಿಡುತ್ತದೆ. ಅದೇ ರೂಪದಲ್ಲಿ ಡೀಸೆಲ್ ಕೂಡ ಇತ್ತು. ದಿನಾ ಮಂಗಳೂರಿಗೆ ಹೋಗಿ ಬರುವವರಿಗೆ ಸರಿ, ನಿಮಗೆ ಬೇಡ. ನನಗೆ ಪೆಟ್ರೋಲಿನಲ್ಲಿ ಲೀಟರಿಗೆ ಊರೊಳಗೆ 12, ಹೆದ್ದಾರಿ 66ರಲ್ಲಿ 16–17 ಕಿ.ಮೀ. ಸಿಗುತ್ತದೆ. ಡಿಕ್ಕಿ 510 ಲೀಟರು. ಎರಡು ಗೋಣಿ ತೆಂಗಿನಕಾಯಿ, ಮೇಲೆ ಒಂದು ಹಲಸಿನಹಣ್ಣು ಆರಾಮಾಗಿ ಹಿಡಿಯುತ್ತದೆ. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಧಾರಾಳ. ಆದರೆ ಸೀಟು ತಗ್ಗು, ಮಂಡಿನೋವಿನ ಅಮ್ಮ ಇದ್ದರೆ ಒಮ್ಮೆ ಕೂರಿಸಿ ನೋಡಿ.

ಈಗ ಮುಖ್ಯ ವಿಷಯ. ನೆಲದಿಂದ ಅಂತರ 165 ಮಿ.ಮೀ. ಮಾತ್ರ, ಅದೂ ಖಾಲಿ ಗಾಡಿಗೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2.6 ಮೀಟರ್. ಗುಂಡಿಗಿಂತ ಜಾಸ್ತಿ ಕಾಟ ಕೊಡುವುದು ರಸ್ತೆಯಿಂದ ಅಂಗಳಕ್ಕೆ ಹತ್ತುವಲ್ಲಿನ ಬೆನ್ನು. ಕಳೆದ ಪತ್ತನಾಜೆಯ (ಮೇ ಕೊನೆಯ ತುಳುವರ ಹಬ್ಬ) ಹೊತ್ತಿಗೆ ನಾನೇ ಐದು ಜನ, ಎರಡು ಗೋಣಿ ಕಾಯಿ ಹೇರಿಕೊಂಡು ಹೊರಟೆ. ನಮ್ಮ ಗೇಟಿನ ಮುರಕಲ್ಲಿನ ಮೇಲೆ ಹೊಟ್ಟೆ ಕೂತೇಬಿಟ್ಟಿತು. ಎಲ್ಲರೂ ಇಳಿದು ನಿಂತು ನನ್ನ ಮುಖ ನೋಡಿದ್ದು ಇನ್ನೂ ನೆನಪುಂಟು.

ಆದ್ದರಿಂದ ಹೀಗೆ ಮಾಡಿ. ಜನ, ಸಾಮಾನು ತುಂಬಿದಾಗ ಗಾಡಿ ತಗ್ಗುವ ಲೆಕ್ಕ ಹಿಡಿದು 13 ಸೆಂ.ಮೀ. ಎತ್ತರದ ಎರಡು ಮರದ ತುಂಡು ತಗೊಳ್ಳಿ. 2.6 ಮೀಟರ್ ದೂರದಲ್ಲಿ ಇಟ್ಟು ಮೇಲೆ ಹಗ್ಗ ಬಿಗಿಯಾಗಿ ಎಳೆಯಿರಿ. ನಿಮ್ಮ ಏರಿನ ಉದ್ದಕ್ಕೂ, ಗಾಡಿ ಹೋಗುವ ದಾರಿಯಲ್ಲೇ ಸರಿಸುತ್ತಾ ಹೋಗಿ. ಎಲ್ಲಿ ನೆಲ ಹಗ್ಗಕ್ಕೆ ತಾಗುತ್ತದೋ ಅಲ್ಲಿ ತುಂಬಿದ ಗಾಡಿ ತಾಗುತ್ತದೆ. ಒಂದೆರಡು ಕಡೆ ಮಾತ್ರ ಆದರೆ ಕಲ್ಲು ಕೆತ್ತಿ, ಇಳಿಜಾರು ಉದ್ದ ಮಾಡಿ ಕಾಂಕ್ರೀಟ್ ಹಾಕಬಹುದು. ನಾನು ಹಾಗೇ ಮಾಡಿದ್ದು. ಐದಾರು ಕಡೆ ತಾಗಿದರೆ ಸೆಡಾನಿನ ಆಸೆ ಬಿಡಿ ಮಾರಾಯ್ರೆ.

ಗಾಡಿ ನೋಡಲು ಹೋದಾಗ ಬಣ್ಣ ನೋಡಬೇಡಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ತುಕ್ಕು ಕೆಳಗಿನಿಂದ ಹಿಡಿಯುತ್ತದೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿಯ ಗುಂಡಿ ನೋಡಿ, ಬಾಗಿಲಿನ ಅಡಿಯ ಅಂಚನ್ನು ಬೆರಳಿಂದ ತಡಕಿ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ಕೊನೆಯಲ್ಲಿ ಕೆಸರಿನ ಗೆರೆ ಇದ್ದರೆ ಅದು ಮಂಗಳೂರಿನ ಕೊಟ್ಟಾರ ಚೌಕಿಯಂಥ ಕಡೆ ಮಳೆನೀರಲ್ಲಿ ಮುಳುಗಿ ಎದ್ದ ಗಾಡಿ ಇರಬಹುದು. ಬೆಲೆ ಎಷ್ಟೇ ಕಡಿಮೆ ಹೇಳಲಿ, ವಾಪಸ್ ಬನ್ನಿ. ಆರ್‌ಸಿ 15 ವರ್ಷಕ್ಕೆ, ಅಂದರೆ 2031ಕ್ಕೆ ಮುಗಿಯುತ್ತದೆ. ಚೌಕಾಸಿ ಮಾಡುವಾಗ ಅದನ್ನೂ ಹೇಳಿ.

ಮನೆಗೆ ತಂದ ಮೇಲೆ ಅಡಿಕೆ ಕೊಟ್ಟಿಗೆಯಲ್ಲಿ ನಿಲ್ಲಿಸಬೇಡಿ. ಆಟಿ ತಿಂಗಳ ಮಳೆಯಲ್ಲಿ ಎರಡು ವಾರ ನಿಲ್ಲಿಸಿದ್ದಕ್ಕೆ ಇಲಿ ನನ್ನ ವೈರಿಂಗ್ ಕಡಿದು ಹಾಕಿತ್ತು. ಹೊಗೆಸೊಪ್ಪು ಕಟ್ಟಿದರೆ ಬರುವುದಿಲ್ಲ ಅಂತಾರೆ, ಬರುತ್ತದೆ. ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ, ಮುಚ್ಚಿ ಹತ್ತು ನಿಮಿಷ ಗಾಡಿ ಓಡಿಸಿ, ಅದೇ ಮದ್ದು.

ಹಗ್ಗ ಎಳೆದು ನೋಡಿ ಫೋಟೋ ಹಾಕಿ. ಮಂಗಳೂರಿಗೆ ಭಾನುವಾರ ಹೋಗುವುದಾದರೆ ನಾನೂ ಬರುತ್ತೇನೆ, ಅಡಿ ನೋಡಲು ಟಾರ್ಚ್, ಹಳೆ ಗೋಣಿ ನನ್ನ ಹತ್ತಿರ ಉಂಟು.