ಕದನ ಸೋಲದವನು ರಾಜ್ಯ ಸೋತದ್ದು ಹೇಗೆ?

ಪ್ರಶ್ನೆ: ಪ್ರಾಚೀನ ಚೀನಾದ ಶಿಯಾಂಗ್ ಯು ಎಪ್ಪತ್ತಕ್ಕೂ ಹೆಚ್ಚು ಕದನಗಳನ್ನು ಗೆದ್ದವನಂತೆ. ಆದರೂ ನಾಲ್ಕೇ ವರ್ಷಗಳಲ್ಲಿ ರಾಜ್ಯ, ಪ್ರಾಣ ಎರಡನ್ನೂ ಕಳೆದುಕೊಂಡ. ಹಾಂಗ್‌ಮೆನ್ ಔತಣದಲ್ಲಿ ಎದುರಾಳಿ ಲಿಯು ಬಾಂಗ್‌ನನ್ನು ಕೊಲ್ಲದೆ ಬಿಟ್ಟದ್ದೇ ಇದಕ್ಕೆ ಕಾರಣವೇ?

ಉತ್ತರ: ಔತಣದ ಕಥೆ ರೋಚಕ, ಹಾಗಾಗಿ ಎಲ್ಲರೂ ತಪ್ಪನ್ನು ಅದರ ತಲೆಗೇ ಕಟ್ಟುತ್ತಾರೆ. ಮುದಿ ಸಲಹೆಗಾರ ಫಾನ್ ಝೆಂಗ್ ಕೊಲ್ಲುವಂತೆ ಸನ್ನೆ ಮಾಡಿದ್ದು, ಕತ್ತಿವರಸೆಯ ನೆಪದಲ್ಲಿ ಒಬ್ಬ ಲಿಯು ಬಾಂಗ್‌ನ ಮೇಲೆ ಕಣ್ಣಿಟ್ಟಿದ್ದು, ಲಿಯು ಬಾಂಗ್ ಬಹಿರ್ದೆಸೆಗೆಂದು ಎದ್ದವನು ಹಾಗೆಯೇ ಪರಾರಿಯಾದದ್ದು ಎಲ್ಲವೂ ಸೊಗಸಾಗಿದೆ. ಆದರೆ ನನ್ನ ಮಟ್ಟಿಗೆ ಶಿಯಾಂಗ್ ಯು ಸೋತದ್ದು ಆಮೇಲೆ, ಭೂಮಿ ಹಂಚಲು ಕುಳಿತಾಗ.

ಛಿನ್ ಸಾಮ್ರಾಜ್ಯ ನುಂಗಿಹಾಕಿದ್ದ ಚು ರಾಜ್ಯದ ಸೇನಾಪತಿಯ ಮೊಮ್ಮಗ ಅವನು. ಕ್ರಿ.ಪೂ. 209ರಲ್ಲಿ ಚಿಕ್ಕಪ್ಪನೊಡನೆ ದಂಗೆ ಎದ್ದಾಗ ಬೆನ್ನಿಗಿದ್ದವರು 8,000 ಯುವಕರು. ಎರಡು ವರ್ಷಗಳ ಬಳಿಕ ಜುಲುವಿನಲ್ಲಿ, ನದಿ ದಾಟಿದ ಮೇಲೆ ದೋಣಿಗಳನ್ನು ಮುಳುಗಿಸಿ, ಅಡುಗೆಯ ಮಡಕೆಗಳನ್ನು ಒಡೆಸಿ, ಮೂರು ದಿನದ ಬುತ್ತಿಯೊಂದಿಗೆ ಛಿನ್ ಸೇನೆಯ ಮೇಲೆ ಬಿದ್ದು ಗೆದ್ದ. ಮಡಕೆ ಒಡೆದು ದೋಣಿ ಮುಳುಗಿಸುವುದು ಚೀನೀ ಭಾಷೆಯಲ್ಲಿ ಇಂದಿಗೂ ನುಡಿಗಟ್ಟು.

ಶರಣಾದ ಸುಮಾರು 2 ಲಕ್ಷ ಛಿನ್ ಸೈನಿಕರನ್ನು ಅವನು ಕೊಲ್ಲಿಸಿ ಹೂಳಿಸಿದನೆನ್ನುತ್ತದೆ ಇತಿಹಾಸ. ಉಳಿಸಿದ್ದು ಅವರ ಸೇನಾನಾಯಕರನ್ನು. ಕ್ರಿ.ಪೂ. 206ರಲ್ಲಿ ನಾಡನ್ನು 18 ರಾಜರಿಗೆ ಹಂಚಿದಾಗ, ಮಕ್ಕಳನ್ನು ಕಳೆದುಕೊಂಡ ಆ ಛಿನ್ ನೆಲಕ್ಕೇ ಅದೇ ನಾಯಕರನ್ನು ಒಡೆಯರನ್ನಾಗಿ ಮಾಡಿದ! ಅಲ್ಲಿನ ಜನ ಲಿಯು ಬಾಂಗ್‌ಗೆ ಬಾಗಿಲು ತೆರೆದದ್ದರಲ್ಲಿ ಆಶ್ಚರ್ಯವೇನಿದೆ? ಪಾಲು ಸಿಗದ ಟಿಯಾನ್ ರೊಂಗ್ ಪೂರ್ವದ ಛಿ ನಾಡಿನಲ್ಲಿ ದಂಗೆ ಎದ್ದ. ಶಿಯಾಂಗ್ ಯು ಅತ್ತ ಓಡಿದರೆ ಇತ್ತ ಬೆಂಕಿ, ಇತ್ತ ಬಂದರೆ ಅತ್ತ. ಕ್ರಿ.ಪೂ. 205ರಲ್ಲಿ 30,000 ಆಯ್ದ ಸೈನಿಕರೊಂದಿಗೆ ಬಂದು ಲಿಯು ಬಾಂಗ್‌ನ ದೊಡ್ಡ ಸೇನೆಯನ್ನು ಪೆಂಗ್‌ಚೆಂಗ್‌ನಲ್ಲಿ ಪುಡಿಮಾಡಿದ, ನಿಜ. ಆದರೆ ಓಡಿಹೋದವನು ಮತ್ತೆ ಮತ್ತೆ ಸೇನೆ ಕಟ್ಟಿಕೊಂಡು ಬರುತ್ತಲೇ ಇದ್ದ.

ಶಿಯಾಂಗ್ ಯುವಿನ ಕೈಕೆಳಗಿದ್ದು ಬೇಸತ್ತು ಲಿಯು ಬಾಂಗ್‌ನನ್ನು ಸೇರಿದ ಹಾನ್ ಶಿನ್ ಒಂದು ಮಾತು ಹೇಳಿದ್ದಾನೆ: ಗಾಯಗೊಂಡ ಸೈನಿಕನಿಗಾಗಿ ಶಿಯಾಂಗ್ ಯು ಕಣ್ಣೀರಿಡುತ್ತಾನೆ, ತನ್ನ ಊಟ ಹಂಚುತ್ತಾನೆ, ಗೆದ್ದವನಿಗೆ ಪದವಿಯ ಮುದ್ರೆ ಕೊಡಬೇಕಾದಾಗ ಮಾತ್ರ ಅದರ ಅಂಚು ಸವೆಯುವವರೆಗೂ ಕೈಯಲ್ಲೇ ಹಿಡಿದಿರುತ್ತಾನೆ. ಫಾನ್ ಝೆಂಗ್‌ನನ್ನೂ ಅವನು ಶತ್ರುವಿನ ಚಾಡಿ ನಂಬಿ ದೂರ ಮಾಡಿಕೊಂಡ.

ಕ್ರಿ.ಪೂ. 202ರಲ್ಲಿ ಗಾಯ್‌ಶಿಯಾದಲ್ಲಿ ಮುತ್ತಿಗೆ. ರಾತ್ರಿ ನಾಲ್ಕೂ ದಿಕ್ಕಿನ ಶತ್ರು ಪಾಳೆಯದಿಂದ ಚು ನಾಡಿನ ಹಾಡು ಕೇಳಿಸಿತು. ತವರು ನೆಲವೂ ಕೈಬಿಟ್ಟಿತೆಂದುಕೊಂಡ. 800 ಸವಾರರೊಡನೆ ಮುತ್ತಿಗೆ ಭೇದಿಸಿದ, ಕೊನೆಗೆ ಉಳಿದವರು 28. ವು ನದಿಯ ದಡದಲ್ಲಿ ದೋಣಿ ಕಾದಿದ್ದರೂ ಹತ್ತಲಿಲ್ಲ. ಕರೆತಂದ 8,000 ಮಕ್ಕಳಲ್ಲಿ ಒಬ್ಬನೂ ಇಲ್ಲದೆ ಅವರ ಹಿರಿಯರಿಗೆ ಯಾವ ಮುಖ ತೋರಿಸಲಿ ಎಂದು ಕುದುರೆಯನ್ನು ಅಂಬಿಗನಿಗೆ ಕೊಟ್ಟು, ಕೊರಳು ಕೊಯ್ದುಕೊಂಡ. ಶವಕ್ಕಾಗಿ ಹೊಡೆದಾಡಿ ಐವರು ಸೈನಿಕರು ಒಂದೊಂದು ತುಂಡು ಕಿತ್ತುಕೊಂಡರು. ಲಿಯು ಬಾಂಗ್ ಐವರಿಗೂ ಜಹಗೀರು ಕೊಟ್ಟ.