ಶೋಕಿ ಎಂದು ಕರೆತಂದ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ.)

ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ 31 ವರ್ಷದ ಒಬ್ಬರನ್ನು ಅವರ ಅಕ್ಕ ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಕರೆತಂದಿದ್ದರು. "ಇವನಿಗೆ ಶೋಕಿ ವಿಪರೀತವಾಗಿದೆ, ಹೊತ್ತುಗೊತ್ತಿಲ್ಲದೆ ಕನ್ನಡಿ ಮುಂದೆ ನಿಂತಿರುತ್ತಾನೆ, ಸ್ವಲ್ಪ ಬುದ್ಧಿ ಹೇಳಿ ಮೇಡಂ" ಎಂಬುದು ಆಕೆಯ ದೂರು. ತಮ್ಮ ಮಾತ್ರ ಬಲಗೆನ್ನೆ ನನ್ನ ಕಡೆಗೆ ಬರುವಂತೆ ಕುರ್ಚಿಯನ್ನು ಓರೆ ಮಾಡಿಕೊಂಡು ಕುಳಿತು, ಮಾತಿನ ನಡುವೆ ಆಗಾಗ, ಆರಿಹೋದ ಮೊಬೈಲ್ ಪರದೆಯಲ್ಲಿ ಮುಖ ನೋಡಿಕೊಳ್ಳುತ್ತಿದ್ದರು. ತಮ್ಮ ಮೂಗು ಎಡಕ್ಕೆ ವಾಲಿದೆ, ಎದುರಿಗಿರುವವರೆಲ್ಲ ಅದನ್ನೇ ನೋಡುತ್ತಾರೆ ಎಂದು ಅವರು ನಂಬಿದ್ದರು. ನನಗೆ ಕಂಡದ್ದು ಯಾರ ಮುಖದಲ್ಲೂ ಇರಬಹುದಾದಷ್ಟು ಓರೆ.

ಅಲಂಕಾರಪ್ರಿಯರು ಬೈತಲೆ ಸರಿಮಾಡಿಕೊಂಡು, ತಮ್ಮನ್ನು ತಾವೇ ಮೆಚ್ಚಿಕೊಂಡು ಕನ್ನಡಿಯಿಂದ ಮರಳುತ್ತಾರೆ. ಅದರಲ್ಲಿ ನನಗೆ ಯಾವ ತಪ್ಪೂ ಕಾಣುವುದಿಲ್ಲ. ಇವರು ಪ್ರತಿ ಸಲವೂ ಇನ್ನಷ್ಟು ಕುಗ್ಗಿ ಮರಳುತ್ತಿದ್ದರು. ಒಂದು ವಾರ ಲೆಕ್ಕ ಬರೆದಿಡಲು ಹೇಳಿದಾಗ, ವೃತ್ತಿಗೆ ತಕ್ಕಂತೆ ಗೆರೆ ಎಳೆದ ಹಾಳೆಯಲ್ಲಿ ಬರೆದು ತಂದರು: ದಿನಕ್ಕೆ ಸುಮಾರು 40 ಸಲ, ಎರಡು ಗಂಟೆಗೂ ಮಿಕ್ಕಿ. ಇಂಥ ಗೀಳನ್ನು ಇಟಲಿಯ ಮನೋವೈದ್ಯ ಎನ್ರಿಕೊ ಮೊರ್ಸೆಲಿ 1891ರಲ್ಲೇ ವಿವರಿಸಿದ್ದರು. ರೂಪದಲ್ಲಿ ಇಲ್ಲದ ಅಥವಾ ತೀರ ಸಣ್ಣ ಕೊರತೆಯನ್ನೇ ದೊಡ್ಡದೆಂದು ನಂಬಿ ಕೊರಗುವ ಈ ತೊಂದರೆಗೆ ಇಂದು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಹೆಸರಿದೆ. ರೋಗನಿರ್ಣಯ ನನ್ನ ಕೆಲಸವಲ್ಲವಾದ್ದರಿಂದ ಮನೋವೈದ್ಯರ ಬಳಿಗೆ ಕಳುಹಿಸಿದೆ. ಅವರು ಇದೇ ತೊಂದರೆಯೆಂದು ಖಚಿತಪಡಿಸಿ ಔಷಧಿ ಆರಂಭಿಸಿದರು.

ಮೂಗು ದಿನೇದಿನೇ ಜಾಗ ಬದಲಿಸುತ್ತಿದೆ ಎನ್ನಲು ಅವರ ಬಳಿ "ಸಾಕ್ಷಿ"ಯಾಗಿ ನೂರಾರು ಸೆಲ್ಫಿಗಳಿದ್ದವು. ಕನ್ನಡಿ ಮುಖವನ್ನು ಎಡಬಲ ಮಾಡಿ ತೋರಿಸುತ್ತದೆ, ಫೋಟೋ ಹಾಗೆ ಮಾಡದೇ ಇರಬಹುದು. ಆದ್ದರಿಂದ ಒಂದರಲ್ಲಿ ಈ ಪಕ್ಕಕ್ಕೆ ಕಂಡ ಓರೆ ಇನ್ನೊಂದರಲ್ಲಿ ಆ ಪಕ್ಕಕ್ಕೆ ಕಾಣುತ್ತದೆ. ಮೇಲಾಗಿ, ಮುಖಕ್ಕೆ ತೀರ ಹತ್ತಿರ ಹಿಡಿದ ಕ್ಯಾಮೆರಾ ಕಿವಿಗಿಂತ ಮುಂದಿರುವ ಮೂಗನ್ನು ದೊಡ್ಡದಾಗಿಯೇ ತೋರಿಸುತ್ತದೆ. ಒಂದೇ ಚೆಂಡನ್ನು ಎರಡು ದೂರದಿಂದ ಅವರಿಂದಲೇ ಫೋಟೋ ತೆಗೆಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಗಡ್ಡ ಹೆರೆಯಲು, ತಲೆ ಬಾಚಲು ಮಾತ್ರ ಕನ್ನಡಿ; ಅದೂ ಒಂದು ತೋಳಿನಷ್ಟು ದೂರದಲ್ಲಿ ನಿಂತು, ಮೂಗನ್ನಷ್ಟೇ ಅಲ್ಲದೆ ಇಡೀ ಮುಖವನ್ನು ನೋಡಬೇಕು. ನಡುವೆ ನೋಡಿಕೊಳ್ಳಬೇಕೆಂಬ ತವಕ ಬಂದರೆ ಹತ್ತು ನಿಮಿಷ ಮುಂದೂಡಬೇಕು. ತವಕ ತಾನಾಗಿ ಇಳಿಯುವುದನ್ನು ಅನುಭವಿಸಿ ನೋಡದೆ ಯಾರೂ ನಂಬುವುದಿಲ್ಲ. ಶಸ್ತ್ರಚಿಕಿತ್ಸೆಯ ಯೋಚನೆಯನ್ನು ಸದ್ಯಕ್ಕೆ ಕೈಬಿಡಬೇಕು, ಏಕೆಂದರೆ ಈ ಗೀಳು ಇರುವವರಿಗೆ ಅದರಿಂದ ಸಮಾಧಾನ ಸಿಗುವುದು ಅಪರೂಪ. ಕಠಿಣ ಕೆಲಸ ಅಕ್ಕನದಾಗಿತ್ತು: "ಮೂಗು ಓರೆ ಕಾಣ್ತಿದೆಯಾ?" ಎಂದು ತಮ್ಮ ಕೇಳಿದಾಗ "ಇಲ್ಲಪ್ಪ" ಎಂದು ಸಮಾಧಾನಪಡಿಸುವುದನ್ನೂ ಅವರು ನಿಲ್ಲಿಸಬೇಕಿತ್ತು. ಆ ಉತ್ತರ ಅರ್ಧ ಗಂಟೆಯೂ ಬಾಳುತ್ತಿರಲಿಲ್ಲ.

ಎಂಟನೆಯ ಭೇಟಿಯ ಹೊತ್ತಿಗೆ 40 ಎಂಬುದು 12ಕ್ಕೆ ಇಳಿದಿತ್ತು. ಅಂದು ಅವರು ಕುರ್ಚಿಯನ್ನು ಸರಿಸದೆ ನನಗೆ ಎದುರಾಗಿ ಕುಳಿತರು. ಕಾಲು ಗಂಟೆಯ ಬಳಿಕ, ಪ್ರಾಯಶಃ ಅರಿವಿಲ್ಲದೆಯೇ, ಅದನ್ನು ತುಸು ಓರೆ ಮಾಡಿಕೊಂಡರು.